ನಾಲ್ಕು ಸೈಕಲ್ಲಿಗೆ ಒಂದೇ ಪೆಡಲು

ಲಾತೂರಿಗೆ ರೈಲಿನಲ್ಲಿ ನೀರು ಹೋದ ವರ್ಷ ನಮ್ಮ ಭಾಲ್ಕಿಯಲ್ಲಿ ಒಂದು ಟ್ಯಾಂಕರ್ ನೀರಿಗೆ ಎಂಟುನೂರು ರೂಪಾಯಿ. ತೊಗರಿ ಬೇಳೆ ಕಿಲೋಕ್ಕೆ ನೂರೆಂಬತ್ತು. ಎರಡು ವರ್ಷದ ಹಿಂದೆ ತೊಂಬತ್ತು ಸಾವಿರ ಹೇಳುತ್ತಿದ್ದ ಎತ್ತಿನ ಜೋಡಿಯನ್ನು ಸಂತೆಯಲ್ಲಿ ನಲವತ್ತೈದಕ್ಕೆ ಹೊಡೆದುಕೊಂಡು ಹೋಗಿ ಅನ್ನುತ್ತಿದ್ದರು. ಪುಣೆಗೆ ಹೋಗುವ ರೈಲಿನ ಜನರಲ್ ಡಬ್ಬಿಯ ಟಿಕೆಟ್ಟು ಮಾತ್ರ ಹಳೆಯ ದರದಲ್ಲೇ ಇತ್ತು. ಅದಕ್ಕೇ ಏನೋ, ಊರಲ್ಲಿ ಹೆಚ್ಚಿನವರು ಅದನ್ನೇ ಕೊಳ್ಳುತ್ತಿದ್ದರು. ನನ್ನ ಗಂಡ ಮತ್ತು ಅವರ ಮೂವರು ಸಂಗಾತಿಗಳು ಸೇರಿ ಕೊಂಡದ್ದು ಸೈಕಲ್ಲಿನ ಒಂದು ಪೆಡಲು. ಜೋಡಿ ಅಲ್ಲ, ಒಂದು. ಎಡಗಾಲಿನದು. ನಲವತ್ತಾರು ಸಾವಿರ.

"ಎತ್ತಿನ ಜೋಡಿಗಿಂತ ಒಂದು ಸಾವಿರ ಜಾಸ್ತಿನೇ ಆಯ್ತಲ್ರಿ" ಅಂದೆ.

"ಎತ್ತಿಗಿ ಮೇವು ಹಾಕಬೇಕು, ಕೌಸಲ್ಯಾ. ಇದಕ್ಕ ಒಂದು ಸೆಲ್ ಹಾಕಿದ್ರ ಸಾಕು" ಅಂದರು ನಮ್ಮವರು.

ನಮ್ಮವರು ಅಂದರೆ ಗೋರಖನಾಥ. ಭಾಲ್ಕಿ ಬಸ್ ನಿಲ್ದಾಣದ ಹಿಂದೆ ನಮ್ಮದು ಬೋರ್‌ವೆಲ್ ಮೋಟರಿನ ಸಾಮಾನು ಮಾರುವ, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಗಲ್ಲಾದ ಮೇಲೆ ನಾನು ಕೂಡುತ್ತೇನೆ. ಬರ ಬಿದ್ದರೆ ಎಲ್ಲರೂ ಬೋರಿನ ಆಳಕ್ಕೆ ಪೈಪು ಇಳಿಸುತ್ತಾರೆ, ಮೋಟರು ಒಣ ತಿರುಗಿ ಸುಡುತ್ತದೆ, ನಮ್ಮ ಅಂಗಡಿ ತುಂಬುತ್ತದೆ. ಇದನ್ನು ಗಟ್ಟಿಯಾಗಿ ಹೇಳುವಂತಿಲ್ಲ; ಗಿರಾಕಿ ಬಂದಾಗ ಮುಖ ಸಪ್ಪಗೆ ಮಾಡಿಕೊಂಡು ದುಡ್ಡು ಎಣಿಸಬೇಕು. ಆ ದುಡ್ಡಿನಲ್ಲೇ ನಮ್ಮವರು ನಲವತ್ತೆರಡನೆಯ ವಯಸ್ಸಿಗೆ ತೆಳ್ಳನೆಯ ಟೈರಿನ ರೇಸ್ ಸೈಕಲ್ ತಂದರು. ಅದರ ಜೊತೆ ಮೈಗಂಟುವ ಚಡ್ಡಿಯನ್ನೂ ತಂದರು. ಸೈಕಲ್ಲನ್ನು ಓಣಿ ಒಂದು ವಾರದಲ್ಲಿ ಒಪ್ಪಿಕೊಂಡಿತು. ಚಡ್ಡಿಯನ್ನು ಇವತ್ತಿಗೂ ಒಪ್ಪಿಲ್ಲ.

ಸೈಕಲ್ ಬಳಗ ಕಟ್ಟಿದವರು ಪ್ರಭುದಾಸ ಮಾಸ್ತರರು. ಬೀದರಿನ ಚಿದ್ರಿಯಲ್ಲಿ ಅವರ ಮನೆ. ಒಂದು ಶಾಲೆಯಲ್ಲಿ ಮೂವತ್ತು ವರ್ಷದಿಂದ ಆಟದ ಮಾಸ್ತರರು. ಆಗ ಅವರಿಗೆ ಐವತ್ತೇಳು. ಬಳಗದಲ್ಲಿ ಒಂದು ಕಾಲಕ್ಕೆ ಹನ್ನೊಂದು ಜನ ಇದ್ದರು. ಎಲ್ಲರೂ ಅವರ ಕೈಯಲ್ಲಿ ಒಂದಲ್ಲ ಒಂದು ದಿನ ಶಿಳ್ಳೆ ಹೊಡೆಸಿಕೊಂಡು ಮೈದಾನ ಸುತ್ತಿದವರು. ಕಾರಂಜಾ ಜಲಾಶಯ ತಳ ಕಂಡ ಮೇಲೆ ಬಳಗವೂ ತೆಳ್ಳಗಾಯಿತು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ ಹೋದರು. ಒಬ್ಬ ಸೈಕಲ್ ಮಾರಿ ಆ ದುಡ್ಡಿನಲ್ಲೇ ಹೋದ. ಉಳಿದದ್ದು ನಾಲ್ಕು ಜನ. ಮಾಸ್ತರರು, ನಮ್ಮವರು, ಔರಾದಿನಲ್ಲಿ ಬೀಜದ ಅಂಗಡಿ ಇಟ್ಟ ಪಂಢರಿ, ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಕ್ಯಾಥರಿನ್.

ಕ್ಯಾಥರಿನ್ ಕೂಡ ಹೋಗುವವಳೇ. ಅವಳ ಗಂಡ ಯೇಸುದಾಸ ಆಗಲೇ ಪುಣೆಯಲ್ಲಿ ಕೆಲಸ ಹಿಡಿದು ಮನೆ ನೋಡುತ್ತಿದ್ದ. ಏಪ್ರಿಲ್‌ನಲ್ಲಿ ಅವಳೂ ಹೊರಡುವುದೆಂದು ಆಗಿತ್ತು. ಐದು ವರ್ಷದಿಂದ ಸೈಕಲ್ ಹೊಡೆದರೂ ಅವಳು ಒಂದೂ ರೇಸಿಗೆ ಹೋಗಿರಲಿಲ್ಲ. ಪ್ರತಿ ಸಲ ಗಂಡಸರು ಹೋಗುತ್ತಿದ್ದರು, ಅವಳು ಬಾಳೆಹಣ್ಣು ಗ್ಲೂಕೋಸು ಕಟ್ಟಿಕೊಡುತ್ತಿದ್ದಳು.

ಮಾರ್ಚ್ ಕೊನೆಗೆ ಜಹೀರಾಬಾದ್ ರಸ್ತೆಯಲ್ಲಿ ಹೈದರಾಬಾದಿನ ಒಂದು ಸಂಘದವರು ರೇಸ್ ಇಟ್ಟಿದ್ದರು. ಒಂದು ತಂಡಕ್ಕೆ ಮೂವರು. ಮೂವರೂ ಸೇರಿಯೇ ಹೋಗಬೇಕು, ಮೂರನೆಯವನ ಚಕ್ರ ಗೆರೆ ದಾಟಿದಾಗ ತಂಡದ ಸಮಯ. ನಮ್ಮಲ್ಲಿ ನಾಲ್ಕು ಜನ. ಅಂದರೆ ಒಬ್ಬರು ಉಳಿಯಬೇಕು.

ಯಾರು ಉಳಿಯಬೇಕು ಅನ್ನುವುದು ನಾಲ್ವರಲ್ಲಿ ಮೂವರಿಗೆ ಗೊತ್ತಿತ್ತು. ಮಾಸ್ತರರು ಎರಡು ವರ್ಷದಿಂದ ಹಿಂದೆ ಬೀಳುತ್ತಿದ್ದರು. ಆದರೆ ಅದನ್ನು ಹೇಳುವವರು ಯಾರು? ಅವರ ಮುಂದೆ ನಮ್ಮವರು ಇನ್ನೂ ಕೈ ಕಟ್ಟಿಯೇ ನಿಲ್ಲುತ್ತಾರೆ. ಪಂಢರಿ ಅವರು ಬಂದರೆ ಬಾಯಿಂದ ಗುಟಕಾ ಉಗುಳಿ ಬರುತ್ತಾನೆ. 'ಸರ್, ನೀವು ನಿಧಾನ ಆಗೀರಿ' ಅನ್ನುವ ನಾಲ್ಕು ಶಬ್ದ ಹೇಳಲು ಭಾಲ್ಕಿಯಿಂದ ಔರಾದಿನವರೆಗೆ ಒಬ್ಬರೂ ಹುಟ್ಟಿರಲಿಲ್ಲ. ಆಗ ಪಂಢರಿ ಒಂದು ಉಪಾಯ ತೆಗೆದ. ಕಾಲಿನ ಬಲವನ್ನು ವ್ಯಾಟ್‌ನಲ್ಲಿ ಅಳೆಯುವ ಯಂತ್ರ ಬಂದಿದೆ, ಪವರ್ ಮೀಟರ್ ಅಂತ. ಅದನ್ನು ತರೋಣ. ನಾವು ಹೇಳುವುದು ಬೇಡ, ಅದೇ ಹೇಳುತ್ತದೆ.

ಯಾವುದನ್ನು ತರಬೇಕು ಅನ್ನುವ ಚರ್ಚೆ ನಮ್ಮ ಅಂಗಡಿಯಲ್ಲೇ ಆಯಿತು. ಮಾಸ್ತರರನ್ನು ಬಿಟ್ಟು ಮೂವರೂ ಇದ್ದರು. ಪಂಢರಿ ಫೋನಿನಲ್ಲಿ ಚಿತ್ರ ತೋರಿಸುತ್ತ ನನಗೆ ತಿಳಿಸಿ ಹೇಳಿದ.

"ಒಂದು ಥರದ್ದು ಕ್ರ್ಯಾಂಕಿನಾಗ ಇರ್ತದರಿ ವೈನಿ. ಪೆಡಲ್ ಹಿಡಕೊಂಡಿರೋ ತೋಳಿಲ್ಲೇನು, ಅದರಾಗ. ಸೋವಿ ಅದ. ಖರೇ ನಮ್ಮ ನಾಕೂ ಸೈಕಲ್ಲಿನ ತೋಳು ನಾಕು ಥರ. ಒಂದರದ್ದು ಒಂದಕ್ಕ ಕೂಡಂಗಿಲ್ಲ."

"ಮತ್ತ ಅದನ್ನ ಬಿಡ್ರಿ. ಇನ್ನೊಂದು?"

"ಹಿಂದಿನ ಗಾಲಿ ನಡುವ ಹಬ್ ಇರ್ತದಲ್ಲ, ಅದರಾಗ ಕೂಡಿಸಿರ್ತಾರ. ಯಾರ ಪಾಳಿ ಅದ ಅವರು ಪೂರಾ ಗಾಲಿನೇ ಹಾಕ್ಕೋಬೇಕು."

"ಗಾಲಿ ಔರಾದಿಂದ ಭಾಲ್ಕಿಗಿ ತಾನೇ ಉರುಳಿ ಬರ್ತದೇನು?"

"ಅದೂ ಆಗಂಗಿಲ್ರಿ. ನಂದು ಡಿಸ್ಕ್ ಬ್ರೇಕಿನ ಗಾಲಿ. ಸರ್ ಅವರ ಸೈಕಲ್ಲಿಗಿ ಏಳೇ ಗೇರು, ನಮ್ಮಪ್ಪನ ಕಾಲದ್ದು. ಮೂರನೇದು ಪೆಡಲ್. ಒಂದು ಪಾನಾ ಇದ್ರ ಸಾಕು, ಬಿಚ್ಚೋದು, ಹಚ್ಚೋದು. ಯಾವ ಸೈಕಲ್ಲಿಗಿ ಬೇಕಾದ್ರೂ ಕೂಡ್ತದ. ಮಫ್ಲರಿನಾಗ ಸುತ್ತಿ ಬಸ್ಸಿನಾಗ ಕಳಸಬಹುದು."

"ಹಂಗಾದ್ರ ಇಷ್ಟೊತ್ತು ಯಾಕ ಮಾತಾಡ್ಲತ್ತೀರಿ? ಪೆಡಲ್ ತಗೋರಿ."

"ಜೋಡಿಗಿ ಎಂಬತ್ತೆಂಟು ಸಾವಿರರಿ."

ನಮ್ಮವರು ಫೋನ್ ಕಸಿದುಕೊಂಡು ಹೈದರಾಬಾದಿನ ಸೈಕಲ್ ಅಂಗಡಿಗೆ ಹಚ್ಚಿದರು. ಚೌಕಾಸಿ ಮಾಡದೆ ಅವರು ಇಂದಿನವರೆಗೆ ಕೊತ್ತಂಬರಿಯನ್ನೂ ತಂದವರಲ್ಲ. ಮೋಟರಿನ ವ್ಯಾಪಾರದಲ್ಲಿ ಮಾಡುವಂತೆ ಹತ್ತು ನಿಮಿಷ ಆ ಮನುಷ್ಯನನ್ನು ಹಿಂಡಿದರು. ಕೊನೆಗೆ ಅವನು ಸೋತು, ಬರೀ ಎಡಗಡೆ ಅಳೆಯುವ ಪೆಡಲೊಂದೇ ಬೇಕಾದರೂ ಬರುತ್ತದೆ, ಬಲಗಡೆಗೆ ಸೈಕಲ್ಲಿನ ಹಳೆಯ ಸಾದಾ ಪೆಡಲೇ ಸಾಕು, ಯಂತ್ರವೇ ಎಡದ ಲೆಕ್ಕವನ್ನು ದುಪ್ಪಟ್ಟು ಮಾಡಿ ತೋರಿಸುತ್ತದೆ, ಅದು ನಲವತ್ತಾರಕ್ಕೆ ಸಿಗುತ್ತದೆ ಅಂದ.

ನಮ್ಮವರು ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು ನಮ್ಮ ಕಡೆ ತಿರುಗಿದರು. ಲಾಟರಿ ಹತ್ತಿದ ಮುಖ. "ಅರ್ಧಾ ರೊಕ್ಕದಾಗ ಪೂರಾ ಲೆಕ್ಕ!"

"ಅಣ್ಣಾ, ಜರಾ ತಡೀರಿ" ಅಂದಳು ಕ್ಯಾಥರಿನ್. "ವಾರ್ಡಿನಾಗ ನಾ ದಿನಾ ಮಂದೀನ್ನ ನಡಸ್ತೇನಿ. ಯಾರವೂ ಎರಡೂ ಕಾಲು ಬರೋಬ್ಬರ ಇರಂಗಿಲ್ರಿ."

"ನೀ ಪೇಶಂಟ್ ಮಂದಿದು ಹೇಳ್ಲತ್ತಿ. ನಾವೆಲ್ಲಾ ಗಟ್ಟಿಮುಟ್ಟ ಅದೇವ."

ಅಷ್ಟರಲ್ಲಿ ಎಕಂಬಾದ ನರಸಿಂಗ ಸುಟ್ಟ ಮೋಟರನ್ನು ಹೆಗಲ ಮೇಲೆ ಹೊತ್ತು ಬಂದ. ನಮ್ಮವರು ಫೋನನ್ನು ಹಾಗೇ ಹಿಡಿದು ಅವನ ಮೇಲೆ ಹಾಯ್ದರು. "ಮತ್ತ ಸುಟ್ಟಿದೇನು? ಮೂರೂ ಫೇಸ್ ನೋಡಿ ಸ್ವಿಚ್ ಒತ್ತು ಅಂದಿದ್ದಿಲ್ಲ? ಒಂದು ತಂತಿಗಿ ಟೆಸ್ಟರ್ ಹಚ್ಚಿ, ಒಂದರಾಗ ಕರೆಂಟ್ ಅದ ಅಂದ್ರ ಉಳಿದದ್ದರಾಗೂ ಇರ್ತದ ಅಂತ ಯಾವ ಸಾಲ್ಯಾಗ ಕಲತಿ ಮಾರಾಯಾ?"

ನರಸಿಂಗ ತಲೆ ಕೆರೆದುಕೊಂಡ. ನಮ್ಮವರು ಫೋನನ್ನು ಮತ್ತೆ ಕಿವಿಗೆ ಹಚ್ಚಿ, "ಹಾಂ ಭಾಯಿಸಾಬ್, ಎಡದ್ದೊಂದೇ ಕಳಸ್ರಿ" ಅಂದರು.

ನಾನು ಕ್ಯಾಥರಿನ್ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಗಂಡಸರು ಅಗ್ಗದ ಖುಷಿಯಲ್ಲಿದ್ದಾಗ ಅಡ್ಡ ಬಂದರೆ ಅದು ಜಗಳವಾಗುತ್ತದೆ, ಸುಮ್ಮನಿದ್ದರೆ ಅನುಭವವಾಗುತ್ತದೆ. ಇಬ್ಬರೂ ಸುಮ್ಮನಿದ್ದೆವು.

ಪೆಡಲು ಬಂತು. ಪಾಳಿ ಹಚ್ಚಿದರು. ಆ ವರ್ಷ ನಮ್ಮ ಕಡೆ ಎಲ್ಲದಕ್ಕೂ ಪಾಳಿಯೇ ಇತ್ತು: ನಳಕ್ಕೆ ಪಾಳಿ, ಟ್ಯಾಂಕರಿಗೆ ಪಾಳಿ, ಕರೆಂಟಿಗೆ ಪಾಳಿ. ಇದೂ ಒಂದು ಸೇರಿತು. ವಾರಕ್ಕೊಬ್ಬರು. ವಾರ ಮುಗಿದ ಮೇಲೆ ಪೆಡಲು, ಪಾನಾ, ಅಂಕಿ ತೋರಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿ, ಮೂರನ್ನೂ ಮಫ್ಲರಿನಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಖಾಜಾ ಮಿಯಾನ ಕೈಗೆ ಕೊಡುವುದು. ಮುಂದಿನವರು ಬಸ್ ನಿಲ್ದಾಣದಲ್ಲಿ ಕಾದು ಇಳಿಸಿಕೊಳ್ಳುವುದು. ಸೈಕಲ್ಲಿಗೆ ಹಚ್ಚಿ, ಕ್ರ್ಯಾಂಕಿನ ಅಳತೆ ಹಾಕಿ, ಸೈಕಲ್ ಅಲುಗದಂತೆ ಹಿಡಿದು ಒಮ್ಮೆ ಸೊನ್ನೆ ಮಾಡಿಸಬೇಕು. ಅದಾದ ಮೇಲೆಯೇ ಅದು ನಿಜ ಹೇಳುತ್ತದೆ ಅಂತ ಪಂಢರಿ ಎಲ್ಲರಿಗೂ ಪಾಠ ಒಪ್ಪಿಸಿದ್ದ.

ಖಾಜಾ ಮಿಯಾ ಮೊದಲ ದಿನವೇ ಕೇಳಿದ. "ಏನದರಿ ಭಾಭೀ ಇದು? ಕಲ್ಲಿನಂಗ ಭಾರ ಅದ."

"ಕಾಲಿನ ತಾಕತ್ತು ಅಳಿಯೋ ಮಶೀನು."

"ನನ್ನ ಕಾಲಿಗಿ ಹಚ್ಚರಿ ಒಮ್ಮೆ. ಇಪ್ಪತ್ತೆರಡು ವರ್ಷ ಆಯ್ತು, ನಿಂತೇ ನೌಕರಿ ಮಾಡ್ಲತ್ತೀನಿ. ಕೂಡು ಅಂತ ಯಾರೂ ಅನ್ನಲಿಲ್ಲ."

ನಾಲ್ಕು ಪಾಳಿ ಮುಗಿದವು. ಎಲ್ಲರೂ ಇಪ್ಪತ್ತು ನಿಮಿಷ ಜೀವ ಹೋಗುವ ಹಾಗೆ ತುಳಿದು ತಮ್ಮ ಅಂಕಿ ತಂದಿದ್ದರು. ಒಂದು ರವಿವಾರ ಎಲ್ಲರೂ ನಮ್ಮ ಅಂಗಡಿಗೆ ಬಂದರು. ನಾನು ಮಂಡಕ್ಕಿ ನೆನೆಸಿ, ಒಗ್ಗರಣೆ ಕೊಟ್ಟು ಸುಸಲಾ ಮಾಡಿದ್ದೆ. ಪಂಢರಿ ಒಂದೊಂದೇ ಓದಿದ. ಅವನದು ಇನ್ನೂರಾ ನಲವತ್ತು ವ್ಯಾಟ್. ನಮ್ಮವರದು ಇನ್ನೂರಾ ನಾಲ್ಕು. ಕ್ಯಾಥರಿನ್‌ಳದು ನೂರಾ ಎಪ್ಪತ್ತೆರಡು. ಕೊನೆಗೆ ಮಾಸ್ತರರದು ಓದುವಾಗ ಅವನ ದನಿ ಬದಲಾಯಿತು. ಇನ್ನೂರಾ ಇಪ್ಪತ್ತಾರು.

ಮಾಸ್ತರರನ್ನು ಬಿಡಿಸಲು ತಂದ ಯಂತ್ರ ಮಾಸ್ತರರನ್ನು ಎರಡನೆಯ ಸ್ಥಾನದಲ್ಲಿ ಕೂಡಿಸಿತ್ತು. ನಮ್ಮವರು ಚಮಚ ಬಾಯಿಯ ಹತ್ತಿರ ಹಿಡಿದು ಹಾಗೇ ಕುಳಿತರು. ಮಾಸ್ತರರು ಮಾತ್ರ ಮೀಸೆಯನ್ನು ಒಮ್ಮೆ ತೀಡಿದರು.

"ನಂಗ ಗೊತ್ತಿತ್ತು. ನೀವು ಹುಡುಗೂರು ಅಂದ್ಕೊಂಡಿದ್ರಿ ಮುದುಕ ಆಗ್ಯಾನ ಅಂತ. ಗೋರಖ್ಯಾ, ಇನ್ನೊಂದು ಜರಾ ಸುಸಲಾ ಹಾಕಸು."

ಲೆಕ್ಕ ಸ್ಪಷ್ಟವಾಗಿತ್ತು. ಪಂಢರಿ, ಮಾಸ್ತರರು, ನಮ್ಮವರು. ಕ್ಯಾಥರಿನ್ ಎದ್ದು ತಟ್ಟೆಗಳನ್ನು ತೆಗೆದುಕೊಂಡು ಒಳಗೆ ಬಂದಳು. ತೊಳೆಯಲು ನೀರಿಲ್ಲದ್ದರಿಂದ ನಾವು ಆ ತಿಂಗಳು ತಟ್ಟೆಗಳನ್ನು ಬೂದಿಯಲ್ಲಿ ಉಜ್ಜಿ ಬಟ್ಟೆಯಲ್ಲಿ ಒರೆಸುತ್ತಿದ್ದೆವು. ಅವಳು ಒಂದು ತಟ್ಟೆಯನ್ನು ತೂತು ಬೀಳುವ ಹಾಗೆ ಉಜ್ಜಿದಳು.

"ಈ ಸಲನೂ ಬಾಳೆಹಣ್ಣು ನಾನೇ ಕಟ್ಟಬೇಕೇನ್ರಿ ಅಕ್ಕಾ?"

"ಹೋಗಬೇಕಂತ ಮನಸ್ಸದ ಏನು ನಿಂಗ?"

"ಅದ. ಪುಣೆಕ್ಕ ಹೋದ್ಮ್ಯಾಲ ಯಾರ ಕೂಡ ಸೈಕಲ್ ಹೊಡೀಲಿ? ಅಲ್ಲಿ ನಾ ಯಾರು ಅಂತ ಯಾರಿಗಿ ಗೊತ್ತದ? ಇಲ್ಲಿಯವರ ಕೂಡ ಒಂದೇ ಒಂದು ಸಲ ಗೆರಿ ಮ್ಯಾಲ ನಿಂದರಬೇಕು ಅಂತ ಇತ್ತು. ಐದು ವರ್ಷ ಇವರ ಹಿಂದನೇ ಹೊಂಟೀನಿ."

"ಮತ್ತ ಹೋಗಿ ಹೇಳು."

"ಸರ್ ಮುಂದ? ಹ್ಯಾಂಗ ಹೇಳ್ಬೇಕ್ರಿ? ಮಶೀನ್ ಹೇಳ್ಯಾದಲ್ಲ." ತಟ್ಟೆಯನ್ನು ಇಟ್ಟಳು. "ಖರೇ ಆ ಮಶೀನ್ ಸುಳ್ಳು ಹೇಳ್ಲತ್ತದ ಅಕ್ಕಾ. ಸರ್ ಅವರು ನನಗಿಂತ ಜೋರಾಗಿ ಹೊಡೆಯಂಗಿಲ್ಲ. ಬೇಕಂದ್ರ ನೋಡ್ರಿ ಒಂದಿನ."

ಮುಂದಿನ ರವಿವಾರ ನೋಡಿದೆ. ಅವರು ನಾಲ್ವರೂ ಬೀದರಿನಿಂದ ಔರಾದಿಗೆ ಸೈಕಲ್ ಹೊಡೆದರು. ನಾನು ನಮ್ಮ ಪಿಕಪ್ ಗಾಡಿಯಲ್ಲಿ ನೀರಿನ ಕ್ಯಾನು ಇಟ್ಟುಕೊಂಡು ಹಿಂದೆ ಹೋದೆ. ಗಾಡಿ ಹೊಡೆದವನು ನಮ್ಮ ಅಂಗಡಿಯಲ್ಲಿ ಮೋಟರಿಗೆ ತಂತಿ ಸುತ್ತುವ ಚಾಂದ ಪಾಶಾ. ದಾರಿಯಲ್ಲಿ ಎರಡು ಕಡೆ ಜನ ಕೊಡ ಎತ್ತಿ ನಮ್ಮ ಗಾಡಿಗೆ ಅಡ್ಡ ನಿಂತರು. ಸೈಕಲ್ ಹೊಡೆಯುವವರಿಗೆ ನೀರು ಒಯ್ಯುತ್ತಿದ್ದೇವೆ ಅಂತ ಹೇಳಲು ನಾಲಿಗೆ ಏಳಲಿಲ್ಲ. ಒಂದು ಕ್ಯಾನು ಅಲ್ಲೇ ಖಾಲಿಯಾಯಿತು.

ಎಕಂಬಾದ ಹತ್ತಿರದ ಏರಿನಲ್ಲಿ ಪಂಢರಿ ಮುಂದೆ ಹೋದ. ಅವನ ಹಿಂದೆ ನಮ್ಮವರು, ಅವರಿಗೆ ಅಂಟಿಕೊಂಡು ಕ್ಯಾಥರಿನ್. ಏರಿನ ನಡುವೆ ಅವಳು ನಮ್ಮವರನ್ನು ದಾಟಿದಳು. ಮಾಸ್ತರರು ಎಷ್ಟು ಹಿಂದೆ ಬಿದ್ದರೆಂದರೆ ನಾವು ಗಾಡಿ ನಿಲ್ಲಿಸಿಕೊಂಡು ಅವರಿಗಾಗಿ ಕಾದೆವು.

"ಇನ್ನೂರಾ ಇಪ್ಪತ್ತಾರು ಎಲ್ಲಿ ಹೋಯ್ತು ಭಾಭೀ?" ಚಾಂದ ಪಾಶಾ ಸ್ಟೀರಿಂಗಿನ ಮೇಲೆ ತಾಳ ಹಾಕುತ್ತ ಕೇಳಿದ. "ದಾರ್ಯಾಗ ಸೋರಿ ಹೋಯ್ತೇನು?"

ಮೇಲೆ ಬಂದ ಮೇಲೆ ಎಲ್ಲರೂ ಒಂದೊಂದು ಕಾರಣ ಕೊಟ್ಟರು. ಎದುರು ಗಾಳಿ ಇತ್ತು ಅಂದರು. ಸರ್ ಅವರ ಸೈಕಲ್ ಭಾರ ಅಂದರು. ಮಾಸ್ತರರು, ಸಾಲಿ ಪರೀಕ್ಷೆ ಡ್ಯೂಟಿಯಿಂದ ನಿದ್ದೆಯಾಗಿಲ್ಲ ಅಂದರು. ಆ ಗಾಳಿ ಕ್ಯಾಥರಿನ್‌ಗೆ ಯಾಕೆ ಹತ್ತಲಿಲ್ಲ ಅಂತ ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ. ನನಗೆ ಸಿಟ್ಟು ಬಂತು, ಅವಳ ಮೇಲೂ.

ಆ ವಾರ ಪಂಢರಿ ಒಂದು ಸ್ಟ್ಯಾಂಡ್ ತಂದ. ಹಿಂದಿನ ಗಾಲಿಯನ್ನು ಅದರಲ್ಲಿ ಕೂಡಿಸಿದರೆ ಸೈಕಲ್ ನಿಂತಲ್ಲೇ ತುಳಿಯಬಹುದು. ಗುರುವಾರ ಭಾಲ್ಕಿ ಸಂತೆಯ ದಿನ ಅದನ್ನು ನಮ್ಮ ಅಂಗಡಿಯ ಮುಂದೆ ಇಟ್ಟು, ನಮ್ಮವರ ಸೈಕಲ್ಲನ್ನು ಕೂಡಿಸಿ ನೋಡುತ್ತಿದ್ದರು. ಮೋಟರಿಗೆ ಕಾದಿದ್ದ ಗಿರಾಕಿಗಳಿಗೆ ಪುಕ್ಕಟೆ ತಮಾಷೆ. ಕ್ಯಾಥರಿನ್‌ಗೆ ರಜೆ ಇತ್ತು, ಬಂದಿದ್ದಳು. ಮಾಸ್ತರರೂ ಇದ್ದರು.

ಅವಳು ನನ್ನ ಕಿವಿಯಲ್ಲಿ ಏನೋ ಹೇಳಿದಳು. ನಾನು ಗಲ್ಲಾದಿಂದಲೇ ಕೂಗಿದೆ. "ಹಂಗ್ಯಾಕ ಬರೀ ತುಳೀತೀರಿ? ಒಂದು ಆಟಾ ಆಡ್ರಿ. ಒಂದೇ ಕಾಲಿಲೆ ತುಳೀರಿ. ಮೊದಲು ಎಡಗಾಲು, ಆಮ್ಯಾಲ ಬಲಗಾಲು. ಎಲ್ಲಾರೂ ಆಡಬೇಕು, ಯಾರಿಗೂ ಮಾಫಿ ಇಲ್ಲ."

ಗಿರಾಕಿಗಳು ಶಿಳ್ಳೆ ಹಾಕಿದರು. ಪಂಢರಿ ಹತ್ತಿದ. ಒಂದು ಕಾಲನ್ನು ಪಕ್ಕಕ್ಕೆ ಚಾಚಿ, ಇನ್ನೊಂದರಿಂದ ಗರಗರ ತಿರುಗಿಸಿದ. ಎಡ ಬಲ ಎರಡೂ ಸರಿಸುಮಾರು ಒಂದೇ. ನಮ್ಮವರು ಹತ್ತಿದರು. ಬಲಗಾಲು ಚೆನ್ನಾಗಿ ಹೋಯಿತು, ಎಡಗಾಲು ಸ್ವಲ್ಪ ಕುಂಟಿತು. "ಕುರ್ಚಿ ಮ್ಯಾಲ ಕೂತು ಕೂತು ಎಡಗಾಲು ಮಲಗ್ಯಾದ" ಅಂದ ನರಸಿಂಗ. ಅವನಿಗೆ ಸೇಡು ತೀರಿಸಿಕೊಳ್ಳಲು ಸಂಧಿ ಸಿಕ್ಕಿತ್ತು. ಕ್ಯಾಥರಿನ್ ಸಲ್ವಾರನ್ನು ಪಿನ್ನಿನಿಂದ ಬಿಗಿದು ಹತ್ತಿದಳು. ಅವಳ ಬಲಗಾಲು ಎಡಗಾಲಿಗಿಂತ ಜೋರು. ಗಾಲಿಯ ಸದ್ದೇ ಹೇಳಿತು.

ಕೊನೆಗೆ ಮಾಸ್ತರರು. ಎಡಗಾಲು ಹಚ್ಚಿದರು. ಅಬ್ಬಾ, ಗಿರಣಿಯ ಹಾಗೆ ತಿರುಗಿತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಬಲಗಾಲು. ಪೆಡಲು ಕೆಳಗೆ ಹೋಯಿತು, ಅರ್ಧ ಮೇಲೆ ಬಂತು, ನಿಂತಿತು. ಮತ್ತೆ ಒತ್ತಿದರು. ಮತ್ತೆ ಅಲ್ಲೇ ನಿಂತಿತು. ಮೊಣಕಾಲು ಒಳಗೆ ವಾಲಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂವತ್ತು ವರ್ಷದ ಹಿಂದೆ ಫುಟ್‌ಬಾಲ್ ಆಡುವಾಗ ಆ ಮೊಣಕಾಲು ತಿರುಚಿದ್ದು ಊರಿಗೆಲ್ಲ ಗೊತ್ತಿತ್ತು. ಅದು ಇನ್ನೂ ಅಲ್ಲೇ ಇದೆ ಅನ್ನುವುದನ್ನು ಎಲ್ಲರೂ ಮರೆತಿದ್ದರು. ಅಷ್ಟೂ ಕೆಲಸ ಎಡಗಾಲೇ ಮಾಡುತ್ತಿತ್ತು, ಯಂತ್ರ ಅದನ್ನೇ ಎರಡರಿಂದ ಗುಣಿಸುತ್ತಿತ್ತು.

ಮಾಸ್ತರರು ಸೈಕಲ್ ಮೇಲೆ ಹಾಗೇ ಕುಳಿತು ತಮ್ಮ ಬಲಗಾಲನ್ನು ನೋಡಿದರು. "ಇವ ನನ್ನ ಕೂಡ ಫುಕಟ್ ತಿರಗಾಡ್ಲತ್ತಿದ್ದ. ಟಿಕೇಟೇ ತಗೊಂಡಿದ್ದಿಲ್ಲ."

ಜನ ನಕ್ಕರು. ಅವರು ನಗಲಿಲ್ಲ.

ಪಂಢರಿ ಗಡಬಡಿಸಿ ಲೆಕ್ಕ ಹಾಕತೊಡಗಿದ. ಎಡದ್ದು ನೂರಾ ಹದಿಮೂರು, ಬಲದ್ದು ಎಷ್ಟೋ ಗೊತ್ತಿಲ್ಲ, ಅಂದರೆ ಕ್ಯಾಥರಿನ್‌ಳದೂ ಬಲದ್ದು ಎಷ್ಟು ಜಾಸ್ತಿಯೋ ಗೊತ್ತಿಲ್ಲ, ಗೋರಖಣ್ಣನದೂ ಗೊತ್ತಿಲ್ಲ.

"ಒಟ್ಟು ಏನು ಗೊತ್ತದ?" ಅಂದೆ.

"ಏನೂ ಗೊತ್ತಿಲ್ರಿ ವೈನಿ."

"ಒಂದು ತಂತಿಗಿ ಟೆಸ್ಟರ್ ಹಚ್ಚಿದ್ರ ಹಂಗೇ ಆಗೋದಲ್ಲೇನ್ರಿ" ಅಂದೆ ನಮ್ಮವರ ಕಡೆ ನೋಡಿ. ನರಸಿಂಗ ಹಲ್ಲು ಕಿರಿದ. ನಮ್ಮವರು ಒಂದು ಪೈಪಿನ ತುಂಡನ್ನು ಎತ್ತಿಕೊಂಡು ಅದರೊಳಗೆ ಇಣುಕಿ ನೋಡತೊಡಗಿದರು.

ಸರಿ, ಈಗಲಾದರೂ ಯಾರಾದರೂ ಬಾಯಿ ಬಿಡುತ್ತಾರೆ ಅಂತ ಕಾದೆ. ಪಂಢರಿ ಮತ್ತೆ ಫೋನ್ ತೆಗೆದು, "ಹಂಗಾದ್ರ ಬಲದ್ದೂ ತರಿಸಿಬಿಟ್ರ..." ಅಂದ. ಇನ್ನೂ ನಲವತ್ತೆರಡು ಸಾವಿರ! ಒಂದು ಮಾತನ್ನು ಬಾಯಿಂದ ಹೇಳದಿರುವುದಕ್ಕೆ ಇವರು ಮನೆ ಮಾರಿಯಾರು ಅನ್ನಿಸಿತು. ನಾನು ಗಲ್ಲಾದಿಂದ ಇಳಿದು ಕ್ಯಾಥರಿನ್ ಬೆನ್ನಿಗೆ ಕೈ ಹಚ್ಚಿ ಮುಂದೆ ನೂಕಿದೆ. ಮೆತ್ತಗೆ ಅಲ್ಲ.

ಅವಳು ಮಾಸ್ತರರ ಮುಂದೆ ಹೋಗಿ ನಿಂತಳು. ಸೂಜಿ ಚುಚ್ಚುವ ಮೊದಲು ನರ್ಸುಗಳು ಒಮ್ಮೆ ಉಸಿರು ಹಿಡಿಯುತ್ತಾರಲ್ಲ, ಹಾಗೆ ಹಿಡಿದಳು.

"ಸರ್, ನನಗ ರೇಸಿಗಿ ಹೋಗಬೇಕಾಗೇದರಿ."

"ಏನು?"

"ನನಗ ಹೋಗಬೇಕಾಗೇದ. ನಿಮ್ಮ ಜಾಗಾದಾಗ. ಏಪ್ರಿಲ್‌ನಾಗ ನಾ ಹೋಗಿಬಿಡ್ತೇನಿ, ಮತ್ತ ಆಗಂಗಿಲ್ಲ. ಮಶೀನ್ ಏನು ಅಂತದೋ ಬಿಡ್ರಿ. ಏರಿನಾಗ ನಾ ನಿಮಗಿಂತ ಮುಂದ ಇರ್ತೇನಿ. ನಿಮಗೂ ಗೊತ್ತದ."

ಮಾಸ್ತರರು ಸೈಕಲ್ ಇಳಿದರು. ಬೂಟಿನ ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ಕೊಂಡಿ ಕಲ್ಲಿನ ಮೇಲೆ ಟಕ್ ಟಕ್ ಅಂದಿತು. ತಮ್ಮ ಚೀಲದಿಂದ ಚಪ್ಪಲಿ ತೆಗೆದು ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದುಬಿಟ್ಟರು. ಹೋಗುವಾಗ ಮಫ್ಲರಿನ ಗಂಟನ್ನು ಮಾತ್ರ ಚೀಲಕ್ಕೆ ಹಾಕಿಕೊಂಡರು, ಆ ವಾರ ಪಾಳಿ ಅವರದೇ ಆಗಿತ್ತು.

"ಮುಗೀತು" ಅಂದರು ನಮ್ಮವರು. "ಬಳಗ ಮುಗೀತು. ಸಂತಿ ಮಂದಿ ಮುಂದ ಸರ್ ಅವರಿಗಿ ಹಂಗ ಅನ್ನಬಾರದಿತ್ತು."

"ನೀವು ಎರಡು ವರ್ಷದ ಹಿಂದ ಮನ್ಯಾಗ ಕೂಡಿಸಿ ಹೇಳಿದ್ರ ಸಂತ್ಯಾಗ ಹೇಳೋದು ಯಾಕ ಬರ್ತಿತ್ತು?" ಅಂದೆ. ಕ್ಯಾಥರಿನ್ ಅಳಲಿಲ್ಲ. ಸಲ್ವಾರಿನ ಪಿನ್ನು ಬಿಚ್ಚಿ, ಮೂರು ಗಂಟೆಯ ಬಸ್ಸಿಗೆ ಹೋದಳು.

ಹತ್ತು ದಿನ ಮಾಸ್ತರರ ಸುದ್ದಿ ಇಲ್ಲ. ಫೋನ್ ಎತ್ತಲಿಲ್ಲ. ಅವರ ಪಾಳಿ ಮುಗಿದು ಪಂಢರಿಯ ಪಾಳಿ ಬಂದರೂ ಗಂಟು ಕಳಿಸಲಿಲ್ಲ. ನಾನು ಹೊರಗೆ ಏನೂ ತೋರಿಸಲಿಲ್ಲ, ಆದರೆ ಒಳಗೆ ಹೆದರಿದ್ದೆ. ಆ ಮನುಷ್ಯನಿಗೆ ಸಾಲಿ ಬಿಟ್ಟರೆ ಇದ್ದದ್ದು ಈ ನಾಲ್ಕು ಸೈಕಲ್ಲು ಮಾತ್ರ. ಬೇರೆಯವರು ಊರು ಬಿಟ್ಟು ಹೋಗಿದ್ದರು. ಇವರನ್ನು ನಾವು ಊರಲ್ಲೇ ಇಟ್ಟು ಹೊರಗೆ ಹಾಕಿದೆವೇನೋ ಅನ್ನಿಸುತ್ತಿತ್ತು.

ಹನ್ನೊಂದನೆಯ ದಿನ ಖಾಜಾ ಮಿಯಾ ಬಸ್ಸು ನಿಲ್ಲಿಸಿ ಅಂಗಡಿಯವರೆಗೆ ಬಂದ. ಕೈಯಲ್ಲಿ ಏನೂ ಇರಲಿಲ್ಲ.

"ಮಾಸ್ಟರ್ ಸಾಬ್ ಆ ಗಂಟು ಕೊಟ್ಟಾರರಿ."

"ಎಲ್ಲದ? ತಾ ಇಲ್ಲಿ."

"ನಿಮಗಲ್ಲರಿ ಭಾಭೀ. ಇವತ್ತು ಬೆಳಗ್ಗೆ ಚಿದ್ರಿಯಿಂದ ನಡಕೋತ ಬಂದು ಕೊಟ್ಟು, ದವಾಖಾನಿಗಿ ಒಯ್ದು ಕ್ಯಾಥರಿನ್ ಸಿಸ್ಟರ್ ಕೈಯಾಗೇ ಇಡು ಅಂದ್ರು. ನನ್ನ ಪಾಳಿ ಇನ್ನ ಆಕಿದು ಅಂತ ಹೇಳು ಅಂದ್ರು. ಇಟ್ಟು ಬಂದೀನಿ. ಅದನ್ನೇ ಹೇಳಲಾಕ ಬಂದೆ."

"ಆಕಿ ಏನಂದ್ಲು?"

"ನನ್ನ ಬಿ.ಪಿ. ನೋಡಿ ಕಳಿಸಿದ್ಲು. ಜಾಸ್ತಿ ಅದ ಅಂತ."

ರೇಸಿನ ದಿನ ಬೆಳಕು ಹರಿಯುವಾಗ ನಾವು ಜಹೀರಾಬಾದ್ ರಸ್ತೆಯಲ್ಲಿದ್ದೆವು. ಪೆಡಲು ಕ್ಯಾಥರಿನ್‌ಳ ಸೈಕಲ್ಲಿಗಿತ್ತು. ಅಂಕಿ ತೋರಿಸುವ ಡಬ್ಬಿಯ ಮೇಲೆ ಅವಳು ಬ್ಯಾಂಡೇಜಿನ ಪಟ್ಟಿ ಅಂಟಿಸಿದ್ದಳು. ನೋಡಿದರೆ ತಲೆ ಕೆಡುತ್ತದೆ ಅಂದಳು. ಮಾಸ್ತರರು ಬರುತ್ತಾರೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಗೆರೆಯ ಹತ್ತಿರ ಹೋದರೆ ಅವರು ನಮಗಿಂತ ಮೊದಲೇ ಬಂದು ನಿಂತಿದ್ದರು, ಕೊರಳಲ್ಲಿ ಸಾಲಿಯ ಶಿಳ್ಳೆ, ಕೈಯಲ್ಲಿ ಬಾಳೆಹಣ್ಣಿನ ಚೀಲ.

ಮೂವರೂ ಹೊರಟು ಹೋದ ಮೇಲೆ ನಾನು ಅವರ ಪಕ್ಕದಲ್ಲಿ ನಿಂತೆ. ಅವರೇ ಮಾತು ತೆಗೆದರು.

"ಎರಡು ವರ್ಷ ಆಯ್ತು ಕೌಸಲ್ಯಾ, ಈ ಮೊಣಕಾಲು ಮೆಟ್ಟಿಲು ಇಳಿಯಂಗಿಲ್ಲ. ಬಿ‌ಡಬೇಕು ಅಂತ ಇತ್ತು. ನಾ ಬಿಟ್ರ ಇವರೂ ಬಿಡ್ತಾರ, ಮೊದಲೇ ಎಲ್ಲಾರೂ ಹೊಂಟಾರ, ಅಂತ ಸುಮ್ಮನಿದ್ದೆ. ಯಾರಾದ್ರೂ ಜಾಗಾ ಕೇಳಿದ್ರ ಕೊಡ್ತಿದ್ದೆ. ಯಾರೂ ಕೇಳಲೇ ಇಲ್ಲ."

"ಮತ್ತ ಆಕಿ ಕೇಳಿದ ದಿನ ಹಂಗ್ಯಾಕ ಎದ್ದು ಹೋದ್ರಿ?"

"ಸಿಟ್ಟು ಬಂದಿತ್ತು" ಅಂದರು. "ಸಂತ್ಯಾಗ ಕೇಳಿದ್ಲು. ಇನ್ನೂ ಜರಾ ಅದ ಸಿಟ್ಟು." ಬಾಳೆಹಣ್ಣೊಂದು ಸುಲಿದು ತಾವೇ ತಿಂದರು.

ನಾವೆಲ್ಲ ಲೆಕ್ಕಕ್ಕೆ ಹಿಡಿಯದ ಸಂಗತಿ ಒಂದಿತ್ತು, ಅದು ವಾಪಸು ಬರುವಾಗ ಕಂಡಿತು. ಮುಂದೆ ಪಂಢರಿ, ಅವನ ಗಾಲಿಗೆ ಅಂಟಿಕೊಂಡು ಕ್ಯಾಥರಿನ್. ಅವರಿಂದ ಒಂದು ಫರ್ಲಾಂಗು ಹಿಂದೆ, ಬಾಯಿ ತೆರೆದುಕೊಂಡು, ಅಂಗಿಯ ಗುಂಡಿ ಬಿಚ್ಚಿಕೊಂಡು ನಮ್ಮವರು. ತಂಡದ ಸಮಯ ಮೂರನೆಯವನದು. ಆ ಇಬ್ಬರೂ ನಡುನಡುವೆ ನಿಧಾನ ಮಾಡಿ ಅವರನ್ನು ಎಳೆದುಕೊಂಡು ಬರುತ್ತಿದ್ದರು. ಇಷ್ಟು ದಿನ ಯಾರು ಉಳಿಯಬೇಕು ಅನ್ನುವ ಮಾತಿನಲ್ಲಿ ನಮ್ಮವರ ಹೆಸರನ್ನು ಯಾರೂ ತೆಗೆದಿರಲೇ ಇಲ್ಲ. ಎಲ್ಲರೂ ತಿಂದ ಸುಸಲಾ ನಮ್ಮ ಮನೆಯದಾಗಿತ್ತಲ್ಲ.

ಮಾಸ್ತರರು ಶಿಳ್ಳೆ ಊದಿದರು, ಇಡೀ ರಸ್ತೆ ತಿರುಗಿ ನೋಡುವ ಹಾಗೆ. "ಗೋರಖ್ಯಾ! ಸಾಲಿಗೂ ಕೊನೀಗೇ ಬರ್ತಿದ್ದಿ, ಇಲ್ಲೂ ಕೊನೀಗೇನು? ತುಳಿಯೋ, ಎರಡೂ ಕಾಲಿಲೆ ತುಳಿ!"

ಹದಿನಾಲ್ಕು ತಂಡದಲ್ಲಿ ನಮ್ಮದು ಒಂಬತ್ತನೆಯದು. ಬಹುಮಾನ ಇಲ್ಲ, ಒಂದೊಂದು ಟೋಪಿ ಕೊಟ್ಟರು. ಕ್ಯಾಥರಿನ್ ಅದನ್ನು ತಲೆಗೆ ಹಾಕಿಕೊಂಡೇ ಬೀದರಿನವರೆಗೆ ಬಂದಳು. ಏಪ್ರಿಲ್ ಎರಡನೆಯ ವಾರ ಭಾಲ್ಕಿ ಸ್ಟೇಷನ್ನಿನಲ್ಲಿ ಅವಳನ್ನೂ ಅವಳ ಸೈಕಲ್ಲನ್ನೂ ರೈಲಿಗೆ ಹತ್ತಿಸಿದೆವು. ಜನರಲ್ ಡಬ್ಬಿಯಲ್ಲಿ ನಿಲ್ಲಲು ಜಾಗ ಇರಲಿಲ್ಲ. ಮಾಸ್ತರರು ಸೈಕಲ್ಲಿನ ಬಿಚ್ಚಿದ ಮುಂದಿನ ಗಾಲಿಯನ್ನು ಬಾಗಿಲಿನಿಂದ ಒಳಗೆ ಕೊಟ್ಟರು, ಮುಖ ನೋಡಲಿಲ್ಲ.

ಪೆಡಲನ್ನು ಮೇ ತಿಂಗಳಲ್ಲಿ ಹೈದರಾಬಾದಿನ ಒಬ್ಬರಿಗೆ ಮೂವತ್ತು ಸಾವಿರಕ್ಕೆ ಮಾರಿದೆವು. ಈ ಸಲ ಚೌಕಾಸಿಯನ್ನು ನಾನು ಮಾಡಿದೆ. ಎಡಗಡೆಯದು ಮಾತ್ರ ಅಳೆಯುತ್ತದೆ ಅಂತ ಮೊದಲೇ ಹೇಳಿಯೇ ಮಾರಿದೆ. ಕ್ಯಾಥರಿನ್‌ಳ ಪಾಲನ್ನು ಪುಣೆಗೆ ಕಳಿಸಿದೆವು.

ಹದಿನಾರು ಸಾವಿರ ಹೋಯಿತು. ನಾಲ್ವರಲ್ಲಿ ಒಬ್ಬಳು ಹೋದಳು. ಮಾಸ್ತರರು ರೇಸ್ ಬಿಟ್ಟರು, ಸೈಕಲ್ ಬಿಡಲಿಲ್ಲ. ಮನ್ನಳ್ಳಿಯವರೆಗೆ ಹೋಗಿ ಬರುತ್ತಾರೆ, ನಿಧಾನವಾಗಿ. ಕ್ಯಾಥರಿನ್ ತನಗೆ ಬೇಕಾದದ್ದನ್ನು ಒಂದು ಸಲ ಬಾಯಿ ಬಿಟ್ಟು ಕೇಳಿದಳು, ಅದು ಅವಳಿಗೆ ಸಿಕ್ಕಿತು.